ಹುಬ್ಬಳ್ಳಿಯಲ್ಲಿ ಅಂಗಡಿ ಹಿಡಿಯುತ್ತಿದ್ದೇನೆ. ಬಾಡಿಗೆ ಕಾಯ್ದೆಯ ರಕ್ಷಣೆ ಇದೆಯಾ? 11 ತಿಂಗಳ ಕರಾರು ಸಾಕಾ?

ಹೆಚ್ಚಿನ ಅಂಗಡಿಗಳಿಗೆ ಆ ರಕ್ಷಣೆ ಇಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್ ಒಳಗಿನವಕ್ಕೆ ಮಾತ್ರ ಅನ್ವಯಿಸುತ್ತದೆ. ಅಂದರೆ 10 ಅಡಿ ಅಗಲ, 15 ಅಡಿ ಉದ್ದದ ಒಂದು ಸಣ್ಣ ಅಂಗಡಿ. ಅದರಲ್ಲೂ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಕಾಯ್ದೆಯಿಂದ ಹೊರಗೆ. ದುರ್ಗದಬೈಲ್‌ನಲ್ಲಾಗಲಿ ಕೊಪ್ಪಿಕರ್ ರಸ್ತೆಯಲ್ಲಾಗಲಿ ಅಷ್ಟು ಕಡಿಮೆಗೆ ಹೊಸ ಅಂಗಡಿ ಸಿಗುವುದು ಕಷ್ಟ, ಅಲ್ವಾ? ಈ ಮಿತಿಗಳನ್ನು ಸರ್ಕಾರ ಬದಲಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಣ್ಣ ವ್ಯಾಪಾರಿಗಳಿಗೇ ಇದರ ಪೆಟ್ಟು ಜಾಸ್ತಿ.

ಹೊರಗೆ ಉಳಿದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತಿಂಗಳ ಬಾಡಿಗೆಯವರಿಗೆ ಮಾಲೀಕರು 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಮುಗಿಸಬಹುದು. ಆದರೂ ಅವರೇ ಬಂದು ಬೀಗ ಹಾಕುವಂತಿಲ್ಲ. ನೀವು ಬಿಡದಿದ್ದರೆ ಕೋರ್ಟಿಗೆ ಹೋಗಬೇಕು.

11 ತಿಂಗಳ ಲೆಕ್ಕ ಬಂದಿದ್ದು ನೋಂದಣಿ ತಪ್ಪಿಸಲು. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ರ‍್ಯಾಕು, ಬೋರ್ಡು, ಕರೆಂಟ್ ಅಂತ ಲಕ್ಷಗಟ್ಟಲೆ ಹಾಕುವವರು ನೋಂದಣಿ ಖರ್ಚಿಗೆ ಹಿಂದೆ ಸರಿಯಬೇಡಿ. 3 ಅಥವಾ 5 ವರ್ಷಕ್ಕೆ ನೋಂದಣಿ ಮಾಡಿಸಿ. ಬಾಡಿಗೆ ಏರಿಕೆ ಎಷ್ಟು, ಅಡ್ವಾನ್ಸ್ ಯಾವಾಗ ವಾಪಸ್, ಅವಧಿಗೆ ಮುಂಚೆ ಬಿಡಿಸುವಂತಿಲ್ಲ ಅನ್ನುವುದು, ಎಲ್ಲ ಅದರಲ್ಲೇ ಬರಲಿ. ಬಾಯಿ ಮಾತಿನ ಮೇಲೆ ಸುಮ್ನೆ ಅಂಗಡಿ ತೆರೆಯಬೇಡಿ.