ದುಡ್ಡು ಯಾರದು, ಹುಕುಂ ಯಾರದು?

ಮೈಸೂರಿನ ಓದುಗರಿಗೆ, ನಮಸ್ಕಾರ.

ನಿಮ್ಮ ಪತ್ರದ ಸಾರ ಇಷ್ಟು: "ಮಗ ಅಮೆರಿಕದ ಯೂಟಾ ರಾಜ್ಯದಲ್ಲಿದ್ದಾನೆ. ವಾಷಿಂಗ್ಟನ್ನಿನಿಂದ ಆದೇಶ ಬಂದರೆ ಅಲ್ಲಿನ ಶಾಸನಸಭೆ ಅದನ್ನು ಪರಿಶೀಲಿಸಿ, ಬೇಡ ಅನಿಸಿದರೆ ಬೇಡ ಎಂದುಬಿಡಬಹುದಂತೆ. ನಮ್ಮ ವಿಧಾನಸೌಧಕ್ಕೆ ಆ ಧೈರ್ಯ ಯಾಕಿಲ್ಲ?"

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಹೇಳಿದ್ದಾರೆ. ಉಳಿದರ್ಧದಲ್ಲೇ ಸ್ವಾರಸ್ಯ ಜಾಸ್ತಿ ಇದೆ, ಅದಕ್ಕೇ ಈ ಉದ್ದದ ಉತ್ತರ.

ಯೂಟಾ 2024ರ ಜನವರಿಯಲ್ಲಿ ಇಂಥದ್ದೊಂದು ಕಾನೂನು ಮಾಡಿದ್ದು ನಿಜ. ಫೆಡರಲ್ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಯಾವುದಾದರೂ ಆದೇಶ ರಾಜ್ಯದ ಹಕ್ಕಿಗೆ ಧಕ್ಕೆ ತರುತ್ತದೆ ಎಂದು ಅನಿಸಿದರೆ, ಎರಡೂ ಸದನಗಳು ನಿರ್ಣಯ ಮಾಡಬಹುದು. ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಸಹಿ ಬಿದ್ದ ಮೇಲೆ ರಾಜ್ಯದ ಅಧಿಕಾರಿಗಳು ಆ ಆದೇಶ ಜಾರಿ ಮಾಡುವಂತಿಲ್ಲ. ಅದೇ ವರ್ಷ ಜೂನ್‌ನಲ್ಲಿ ಅದನ್ನು ಬಳಸಿಯೂ ಬಿಟ್ಟರು. ಶಾಲಾ ಕಾಲೇಜುಗಳಲ್ಲಿ ಲಿಂಗ ತಾರತಮ್ಯ ತಡೆಯುವ 'ಟೈಟಲ್ ನೈನ್' ಕಾನೂನಿಗೆ ಬೈಡನ್ ಸರ್ಕಾರ ತಂದ ಹೊಸ ನಿಯಮಗಳ ವಿರುದ್ಧ.

ಆದರೆ ಆ ನಿಯಮ ಯೂಟಾದಲ್ಲಿ ಜಾರಿಯಾಗದೆ ನಿಂತದ್ದು ಹೇಗೆ? ಜುಲೈ 2ರಂದು ಕ್ಯಾನ್ಸಸ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ತಡೆಯಾಜ್ಞೆ ಕೊಟ್ಟರು. ಆ ಮೊಕದ್ದಮೆಯಲ್ಲಿ ಯೂಟಾ ಕೂಡ ಒಂದು ಪಕ್ಷ. 2025ರ ಜನವರಿಯಲ್ಲಿ ಕೆಂಟಕಿಯ ಇನ್ನೊಂದು ಕೋರ್ಟು ಆ ನಿಯಮಗಳನ್ನೇ ದೇಶದಾದ್ಯಂತ ರದ್ದು ಮಾಡಿತು. ಅಂದರೆ ಸದ್ದು ಮಾಡಿದ್ದು ನಿರ್ಣಯ, ಕೆಲಸ ಮಾಡಿದ್ದು ವಕೀಲರು.

ಇದು ಇವತ್ತಿನ ಕತೆಯಲ್ಲ. 1832ರಲ್ಲಿ ದಕ್ಷಿಣ ಕ್ಯಾರೊಲಿನಾ ಫೆಡರಲ್ ಆಮದು ಸುಂಕ ತನ್ನ ನೆಲದಲ್ಲಿ ಅಸಿಂಧು ಎಂದು ಘೋಷಿಸಿತು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೈನ್ಯ ಬಳಸುವ ಅಧಿಕಾರ ಕೇಳಿದರು, ಸಂಸತ್ತು ಕೊಟ್ಟಿತು. ಸುಂಕ ಇಳಿಸುವ ರಾಜಿಯೂ ಆಯಿತು, ರಾಜ್ಯ ತನ್ನ ಘೋಷಣೆ ಹಿಂದಕ್ಕೆ ಪಡೆಯಿತು. 1957ರಲ್ಲಿ ಕರಿಯ ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಲು ಅರ್ಕನ್ಸಾ ಅಡ್ಡಿ ಮಾಡಿದಾಗ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಿದರು. ಮರುವರ್ಷ ಸುಪ್ರೀಂ ಕೋರ್ಟ್ ಖಂಡಿತವಾಗಿ ಹೇಳಿತು: ಸಂವಿಧಾನದ ಬಗ್ಗೆ ನಾವು ಕೊಟ್ಟ ತೀರ್ಪನ್ನು ಯಾವ ರಾಜ್ಯವೂ ಮೀರುವಂತಿಲ್ಲ. 'ರಾಜ್ಯದ ಹಕ್ಕು' ಎಂಬ ಮಾತಿಗೆ ಅಲ್ಲಿ ಈಗಲೂ ಈ ಹಳೆಯ ಕಲೆ ಅಂಟಿಕೊಂಡಿದೆ.

ಹಾಗಾದರೆ ರಾಜ್ಯಗಳ ಕೈಯಲ್ಲಿ ಏನೂ ಇಲ್ಲವಾ? ಇದೆ. ಕಾನೂನು ರದ್ದು ಮಾಡುವ ಹಕ್ಕಿಲ್ಲ, ಆದರೆ ಅದನ್ನು ಜಾರಿ ಮಾಡಲು ತನ್ನ ನೌಕರರನ್ನು ಕಳಿಸದಿರುವ ಹಕ್ಕಿದೆ. 1993ರ ಬ್ರೇಡಿ ಕಾನೂನಿನ ಪ್ರಕಾರ, ಬಂದೂಕು ಕೊಳ್ಳುವವರ ಪೂರ್ವಾಪರವನ್ನು ಊರಿನ ಪೊಲೀಸ್ ಮುಖ್ಯಸ್ಥರೇ ವಿಚಾರಿಸಬೇಕಿತ್ತು. ಇಂಥ ಪೊಲೀಸ್ ಮುಖ್ಯಸ್ಥರಾಗಿದ್ದ ಮೊಂಟಾನಾ ಮತ್ತು ಅರಿಜೋನಾದ ಇಬ್ಬರು ಶೆರಿಫ್‌ಗಳು ಕೋರ್ಟಿಗೆ ಹೋದರು. 1997ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಮತದ ಅಂತರದಲ್ಲಿ ಅವರ ಪರ ನಿಂತಿತು. ನಿಮ್ಮ ಕಾನೂನು ಜಾರಿ ಮಾಡಬೇಕಾದರೆ ನಿಮ್ಮ ಜನರನ್ನೇ ಕಳಿಸಿ, ರಾಜ್ಯದ ನೌಕರರನ್ನು ದುಡಿಸಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ತಮಾಷೆ ನೋಡಿ. ಬಂದೂಕುಪ್ರಿಯರು ಗೆದ್ದುಕೊಂಡ ಈ ತತ್ವವನ್ನೇ ಹಿಡಿದುಕೊಂಡು, ಕ್ಯಾಲಿಫೋರ್ನಿಯಾ 2017ರಲ್ಲಿ ವಲಸಿಗರನ್ನು ಹಿಡಿಯುವ ಕೆಲಸಕ್ಕೆ ತನ್ನ ಪೊಲೀಸರು ನೆರವಾಗುವುದಕ್ಕೆ ಮಿತಿ ಹಾಕಿತು. ಮೇಲ್ಮನವಿ ಕೋರ್ಟಿನಲ್ಲೂ ಅದು ಉಳಿಯಿತು. ಮಿಸೌರಿ 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕೆಲವು ಫೆಡರಲ್ ಬಂದೂಕು ಕಾನೂನುಗಳು ನಮ್ಮಲ್ಲಿ ಅಸಿಂಧು ಎಂದಿತು, ಕೋರ್ಟಿನಲ್ಲಿ ಸೋತಿತು. 'ಸಹಾಯ ಮಾಡಲ್ಲ' ಅನ್ನಬಹುದು, 'ಅಸಿಂಧು' ಅನ್ನುವಂತಿಲ್ಲ. ಯಾವ ಪಕ್ಷ ಯಾವಾಗ ರಾಜ್ಯದ ಹಕ್ಕಿನ ಮಾತಾಡುತ್ತದೆ ಎಂಬುದು ವಾಷಿಂಗ್ಟನ್ನಿನಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ನಿಂತಿದೆ. ಇದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ, ಅಲ್ವಾ?

ಇನ್ನು ದುಡ್ಡಿನ ಮಾತು. ನನ್ನ ಪ್ರಕಾರ ಅಸಲು ವಿಷಯ ಇದೇ. ನಮ್ಮಲ್ಲಿ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ಅಮೆರಿಕದಲ್ಲಿ ಕೊಟ್ಟೋನೇ ಈರಭದ್ರ. ರಾಜ್ಯಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಫೆಡರಲ್ ಅನುದಾನ. 1984ರಲ್ಲಿ ಸಂಸತ್ತು ಕುಡಿಯುವ ವಯಸ್ಸು 21 ಆಗಬೇಕು ಎಂದು ಹೊರಟಾಗ ನೇರವಾಗಿ ಆದೇಶ ಮಾಡಲಿಲ್ಲ. ವಯಸ್ಸು ಏರಿಸದ ರಾಜ್ಯಕ್ಕೆ ಹೆದ್ದಾರಿ ಹಣದಲ್ಲಿ ಮೊದಲು ಶೇ. 5, ಆಮೇಲೆ ಶೇ. 10 ಕಡಿತ ಎಂದಿತು, ಅಷ್ಟೇ. 19 ತುಂಬಿದವರಿಗೆ ಲಘು ಬಿಯರ್ ಮಾರಲು ಬಿಟ್ಟಿದ್ದ ದಕ್ಷಿಣ ಡಕೋಟಾ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಮರುವರ್ಷ ವಯಸ್ಸು ಏರಿಸಿತು.

ಈ ಒತ್ತಡಕ್ಕೂ ಒಂದು ಮಿತಿ ಇದೆ ಎಂದು ಕೋರ್ಟ್ ಹೇಳಿದ್ದು 2012ರಲ್ಲಿ. ಬಡವರ ಆರೋಗ್ಯ ಯೋಜನೆ ಮೆಡಿಕೇಡ್ ವಿಸ್ತರಿಸದಿದ್ದರೆ ಈಗ ಬರುತ್ತಿರುವ ಹಣವನ್ನೂ ನಿಲ್ಲಿಸಬಹುದು ಎಂದು ಒಬಾಮಾ ಕಾಲದ ಕಾನೂನು ಹೇಳುತ್ತಿತ್ತು. ಅದು ಪ್ರೋತ್ಸಾಹ ಅಲ್ಲ, ತಲೆಗೆ ಬಂದೂಕು ಇಟ್ಟಂತೆ ಎಂದಿತು ಕೋರ್ಟ್. ಆಯ್ಕೆ ರಾಜ್ಯಗಳಿಗೆ ಬಂತು. ಟೆಕ್ಸಾಸ್, ಫ್ಲಾರಿಡಾ ಸೇರಿ 10 ರಾಜ್ಯಗಳು ಈವರೆಗೂ ಪೂರ್ತಿ ವಿಸ್ತರಿಸಿಲ್ಲ. ವಿಸ್ತರಣೆಯ ಖರ್ಚಿನಲ್ಲಿ ಶೇ. 90 ವಾಷಿಂಗ್ಟನ್ನೇ ಕೊಡುತ್ತಿದ್ದರೂ! ಅದರ ಬೆಲೆ ತೆರುತ್ತಿರುವವರು ಶಾಸಕರಲ್ಲ, ವಿಮೆಯಿಲ್ಲದ ಬಡವರು. ರಾಜ್ಯದ ಹಕ್ಕನ್ನು ಹೊಗಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಣ ಕೊಡದೆ ಕೆಲಸ ಹೇರುವುದರ ವಿರುದ್ಧ 1995ರಲ್ಲಿ ಸಂಸತ್ತೇ ಒಂದು ಕಾನೂನು ಮಾಡಿತು. ಹೊಸ ಮಸೂದೆಯಿಂದ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಮೇಲೆ ವರ್ಷಕ್ಕೆ 5 ಕೋಟಿ ಡಾಲರಿಗಿಂತ ಜಾಸ್ತಿ ಹೊರೆ ಬೀಳುವುದಾದರೆ ಸಂಸತ್ತಿನ ಬಜೆಟ್ ಕಚೇರಿ ಮೊದಲೇ ಲೆಕ್ಕ ಕೊಡಬೇಕು. ಬೆಲೆ ಏರಿದಂತೆ ಈ ಮಿತಿಯೂ ಏರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಯಾರಾದರೂ ಆಕ್ಷೇಪ ಎತ್ತಿದರೆ ಸರಳ ಬಹುಮತದಿಂದ ತಳ್ಳಿಹಾಕಬಹುದು. ಜೊತೆಗೆ ಅನುದಾನಕ್ಕೆ ಕಟ್ಟಿದ ಷರತ್ತು ಈ ಲೆಕ್ಕದಲ್ಲಿ ಹೇರಿಕೆಯೇ ಅಲ್ಲ. ಹೇರುವುದು ಬಹುಪಾಲು ಆ ದಾರಿಯಲ್ಲೇ.

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದ್ದೇ ನೋಡಿ. 1975ರ ಕಾನೂನು ಒಳ್ಳೆಯದು, ಅದನ್ನು ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಅಮೆರಿಕದಲ್ಲಿ ಒಬ್ಬ ವಿದ್ಯಾರ್ಥಿಗೆ ಆಗುವ ಸರಾಸರಿ ಖರ್ಚಿನ ಶೇ. 40ರವರೆಗೆ ಇಂಥ ಪ್ರತಿ ಮಗುವಿಗೂ ಕೊಡುತ್ತೇವೆ ಎಂದಿತ್ತು ವಾಷಿಂಗ್ಟನ್. ಇವತ್ತಿನವರೆಗೆ ಒಂದು ವರ್ಷವೂ ಆ 40 ಮುಟ್ಟಿಲ್ಲ. ಉಳಿದದ್ದನ್ನು ರಾಜ್ಯಗಳು, ಊರಿನ ಶಾಲಾ ಮಂಡಳಿಗಳು ತುಂಬಿಕೊಂಡು ಬಂದಿವೆ.

ರಾಜ್ಯಗಳು ಮಾಡಿದ ಒಂದು ಪರಿಶೀಲನೆ ಮಾತ್ರ ನಿಜಕ್ಕೂ ವಾಷಿಂಗ್ಟನ್ನಿಗೆ ತಲೆನೋವು ತಂದಿತು: ರಿಯಲ್ ಐಡಿಯದ್ದು. ಭಯೋತ್ಪಾದನೆ ತಡೆಯಲು ಡ್ರೈವಿಂಗ್ ಲೈಸೆನ್ಸಿಗೆ ಒಂದೇ ರಾಷ್ಟ್ರೀಯ ಮಟ್ಟ ಇರಬೇಕು ಎಂದು 2005ರಲ್ಲಿ ಮಾಡಿದ ಕಾನೂನು ಇದು. ಸೈನ್ಯದ ಖರ್ಚಿನ ಮಸೂದೆಗೆ ಸೇರಿಸಿ ಪಾಸು ಮಾಡಿದ್ದರು. ರಾಜ್ಯಗಳ ಸಂಘಟನೆಗಳು ಕೂತು ಲೆಕ್ಕ ಹಾಕಿದವು: ಐದು ವರ್ಷಕ್ಕೆ 1,100 ಕೋಟಿ ಡಾಲರಿಗೂ ಜಾಸ್ತಿ. 2007ರ ಜನವರಿಯಲ್ಲಿ ಮೇನ್ ರಾಜ್ಯ ಮೊದಲು ಒಲ್ಲೆ ಎಂದಿತು, ಹಿಂದೆಯೇ ಹಲವು ರಾಜ್ಯಗಳು. 2008ಕ್ಕೆ ಜಾರಿಯಾಗಬೇಕಿದ್ದ ಕಾನೂನು ಮುಂದಕ್ಕೆ ಹೋಗುತ್ತಾ ಹೋಗುತ್ತಾ ವಿಮಾನ ನಿಲ್ದಾಣಗಳಲ್ಲಿ ಜಾರಿಯಾದದ್ದು 2025ರ ಮೇ 7ಕ್ಕೆ. ಆದರೆ ಮೇನ್ 2017ರಲ್ಲೇ ಮಣಿದಿತ್ತು. ತನ್ನ ಜನರಿಗೆ ರಾಜ್ಯದ ಲೈಸೆನ್ಸ್ ತೋರಿಸಿ ವಿಮಾನ ಹತ್ತಲು ಆಗದಂತಾಗುತ್ತದೆ ಎಂದಾಗ ಯಾವ ಶಾಸಕ ಹಟ ಮಾಡುತ್ತಾನೆ?

ಈಗ ವಿಧಾನಸೌಧದ ಪ್ರಶ್ನೆ. ಇದು ಧೈರ್ಯದ ವಿಷಯ ಅಲ್ಲ ಸ್ವಾಮಿ, ನಮ್ಮ ಸಂವಿಧಾನ ಕಟ್ಟಿರುವ ರೀತಿಯೇ ಬೇರೆ. 256ನೇ ವಿಧಿ ಪ್ರಕಾರ ಸಂಸತ್ತಿನ ಕಾನೂನು ಪಾಲನೆಯಾಗುವಂತೆ ನೋಡಿಕೊಳ್ಳುವುದು ರಾಜ್ಯದ ಕರ್ತವ್ಯ. 258(2) ಇನ್ನೂ ಮುಂದೆ ಹೋಗಿ, ರಾಜ್ಯದ ಅಧಿಕಾರಿಗಳಿಗೆ ಸಂಸತ್ತು ನೇರವಾಗಿ ಕೆಲಸ ಹಚ್ಚಬಹುದು ಎನ್ನುತ್ತದೆ. ಮೊಂಟಾನಾದ ಶೆರಿಫ್ ಆಗಲ್ಲ ಅಂದುಬಿಟ್ಟ, ನಮ್ಮ ತಹಶೀಲ್ದಾರ್ ಅನ್ನುವ ಹಾಗಿಲ್ಲ. ಕೇಂದ್ರದ ನಿರ್ದೇಶನ ಪಾಲಿಸದಿದ್ದರೆ 365ನೇ ವಿಧಿಯೂ ಇದೆ, ಅದು ರಾಷ್ಟ್ರಪತಿ ಆಳ್ವಿಕೆಯವರೆಗೆ ಎಳೆದುಕೊಂಡು ಹೋಗಬಲ್ಲದು.

ಆದರೆ ಅದೇ 258ರ ಮೂರನೇ ಉಪವಿಧಿಯನ್ನು ನಮ್ಮವರು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಹೀಗೆ ಕೆಲಸ ಹಚ್ಚಿದರೆ ರಾಜ್ಯಕ್ಕೆ ತಗಲುವ ಹೆಚ್ಚುವರಿ ಆಡಳಿತ ವೆಚ್ಚವನ್ನು ಕೇಂದ್ರ ಕೊಡಬೇಕು. ಮೊತ್ತದ ಬಗ್ಗೆ ಒಪ್ಪಂದ ಆಗದಿದ್ದರೆ ಭಾರತದ ಮುಖ್ಯ ನ್ಯಾಯಮೂರ್ತಿ ನೇಮಿಸುವ ಮಧ್ಯಸ್ಥಗಾರ ತೀರ್ಮಾನಿಸುತ್ತಾನೆ. ಅಮೆರಿಕದ ಸಂವಿಧಾನದಲ್ಲಿ ಇಂಥ ಮಾತೇ ಇಲ್ಲ. ಹಾಗಾಗಿ ಯೂಟಾದ ನಿರ್ಣಯ ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ. ಸುಮ್ನೆ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ: ಕೇಂದ್ರದ ಕಾನೂನುಗಳು ಹಚ್ಚಿದ ಕೆಲಸಕ್ಕೆ ಕರ್ನಾಟಕ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತಿದೆ, ಅದರಲ್ಲಿ ಎಷ್ಟು ವಾಪಸ್ ಬಂದಿದೆ ಎಂದು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಲಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಮಾಡುತ್ತೇವೆ.

— ಸಂಪಾದಕ