ಅಗ್ಗದ .22 ಸಾಕಾ, ಹಳೆ ವಿದೇಶಿ ಕೋವಿಯೇ ಬೇಕಾ?

ಲೈಸೆನ್ಸ್ ಸಿಕ್ಕಿದೆ, ಭಾನುವಾರ ಕ್ಲಬ್ಬಿನ ರೇಂಜ್‌ನಲ್ಲಿ ಕಾಗದದ ಗುರಿಗೆ ಹೊಡೆಯುವುದಷ್ಟೇ ಆಸೆ, ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ .22 (ನಳಿಕೆಯ ತೂತು ಸುಮಾರು 0.22 ಇಂಚಿನ) ಕೋವಿ ತಗೊಳ್ಳಲೋ, ಅದರ ಮೂರು ಪಟ್ಟು ಬೆಲೆ ಹೇಳುತ್ತಿರುವ, ಜೆಕೊಸ್ಲೊವಾಕಿಯದ ಹಳೆ ಬ್ರನೋ ತಗೊಳ್ಳಲೋ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಅಗ್ಗದ್ದೇ ತಗೊಳ್ಳಿ. ಉಳಿದ ದುಡ್ಡು ತೋಟಾಗಳಿಗೆ ಇಟ್ಟುಕೊಳ್ಳಿ.

ಬ್ರನೋ ಒಳ್ಳೆಯ ಕೋವಿ, ಎರಡು ಮಾತಿಲ್ಲ. ಆದರೆ ನಮ್ಮ ದೇಶದಲ್ಲಿ ಅದರ ಬೆಲೆ ಏರಿದ್ದು ಗುರಿ ನೋಡಿ ಅಲ್ಲ, ಅಭಾವದಿಂದ. 1980ರ ದಶಕದಲ್ಲಿ ಸಾಮಾನ್ಯರಿಗೆ ಆಮದು ನಿಂತ ಮೇಲೆ, ಅದಕ್ಕೂ ಮೊದಲು ಬಂದಿದ್ದ ಕೋವಿಗಳೇ ಇವತ್ತಿಗೂ ಕೈಯಿಂದ ಕೈಗೆ ಓಡಾಡುತ್ತಿವೆ. ಹೆಸರಿಗೆ ದುಡ್ಡು ಕೊಡುತ್ತೀರಿ, ನಳಿಕೆಯ ಸ್ಥಿತಿ ಮಾತ್ರ ಅದೃಷ್ಟ.

ನಾನು ಕೊಡಗಿನವನು. ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ನಮ್ಮಲ್ಲಿ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಒಂದು ವರ್ಷ ಮನೆಯ ಹಳೆ ವಿದೇಶಿ .22 ಹಿಡಿದು ಜಂಬದಿಂದ ಹೋದೆ. ಒಂದೂ ಕಾಯಿಗೆ ತಾಗಲಿಲ್ಲ. ಪಕ್ಕದ ಮನೆಯವರು ದೇಶೀ ಕಾರ್ಖಾನೆಯ ಕೋವಿಯಲ್ಲಿ ಕಾಯಿ ಒಡೆದು, ನಗುತ್ತಾ ನನ್ನ ಬೆನ್ನು ತಟ್ಟಿದರು. ಮನೆಗೆ ಬಂದು ನೋಡಿದರೆ ಮರದ ಹಿಡಿಗೆ ನಳಿಕೆ ಬಿಗಿಯುವ ಸ್ಕ್ರೂ ಅರ್ಧ ಸುತ್ತು ಸಡಿಲ! ಕೋವಿಯ ತಪ್ಪಲ್ಲ, ನಂದೇ.

ಹಳೆಯದನ್ನು ನೋಡಲು ಹೋದರೆ ಮೊದಲು ಬೋಲ್ಟ್ (ತೋಟಾವನ್ನು ಒಳಗೆ ತಳ್ಳುವ ಹಿಂಬದಿಯ ಅಗುಳಿ) ತೆಗೆದು, ಕೋವಿ ಖಾಲಿ ಅಂತ ಖಾತ್ರಿ ಮಾಡಿಕೊಂಡು, ನಳಿಕೆಯ ಬಾಯಿಯ ಅಂಚಿನ ಸುತ್ತ ಕಿವಿಗೆ ಹಾಕುವ ಹತ್ತಿಕಡ್ಡಿ ಸವರಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಂಚು ಕೆಟ್ಟಿದೆ. ಗುಂಡು ಹೊರಡುವಾಗಲೇ ಓರೆಯಾಗುತ್ತದೆ. ನಳಿಕೆ ಶುಚಿ ಮಾಡಲು ಬಾಯಿಯ ಕಡೆಯಿಂದ ಸಲಾಕೆ ತೂರಿಸಿ ಉಜ್ಜಿದವರ ಕೆಲಸ ಅದು. ಆಮೇಲೆ ತೋಟಾ ಕೂರುವ ಗೂಡಿನ ಅಂಚು ನೋಡಿ. .22ರಲ್ಲಿ ಪಿನ್ ಬಡಿಯುವುದು ತೋಟಾದ ತಳದ ಅಂಚಿಗೆ. ಖಾಲಿ ಕೋವಿಯ ಟ್ರಿಗರ್ ಎಳೆದೆಳೆದು ಆಟವಾಡಿದ್ದರೆ ಅಲ್ಲಿ ಗಾಯ ಕಾಣುತ್ತದೆ.

ದೇಶೀ ಕೋವಿಯಲ್ಲಿ ಟ್ರಿಗರ್ ಗಟ್ಟಿ ಅನ್ನಿಸಿದರೆ ಒಳ್ಳೆಯ ಗನ್‌ಸ್ಮಿತ್‌ಗೆ ಕೊಡಿ, ನೀವೇ ಅರ ಹಿಡಿದು ಕೂರಬೇಡಿ.

ತೋಟಾದ ಮಾತು ಸುಮ್ಮನೆ ಹೇಳಿದ್ದಲ್ಲ. ಹೈ ವೆಲಾಸಿಟಿ ಅಂತ ಬರೆದದ್ದಕ್ಕೆ ಮರುಳಾಗಬೇಡಿ. ಅದರ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕೆ ಇಳಿಯುವಾಗ ತೊನೆಯಬಹುದು. ಸ್ಟ್ಯಾಂಡರ್ಡ್ ವೆಲಾಸಿಟಿಯದ್ದು ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದಕ್ಕಿಂತ ಕೆಳಗೇ ಹೊರಡುತ್ತದೆ. ಮೂರ್ನಾಲ್ಕು ಬಗೆ ತಂದು, 50 ಮೀಟರ್‌ಗೆ ಒಂದೊಂದರಲ್ಲಿ ಐದೈದು ಗುಂಡು ಹೊಡೆದು ನೋಡಿ. ಒಂದೇ ಕೋವಿ ಒಂದರಲ್ಲಿ ಐದೂ ತೂತನ್ನು ನಾಣ್ಯದಷ್ಟು ಜಾಗದಲ್ಲಿ ಇಡುತ್ತದೆ, ಇನ್ನೊಂದರಲ್ಲಿ ಅಂಗೈಯಗಲ ಚೆಲ್ಲುತ್ತದೆ. ಯಾಕೆ ಅಂತ ಕೋವಿಯನ್ನೇ ಕೇಳಬೇಕು.

ಮುಂದೆ ಸ್ಪರ್ಧೆಯ ಹುಚ್ಚು ಹಿಡಿದರೆ ಕಥೆ ಬೇರೆ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿ.ಮೀ. ಅದಕ್ಕೆ ಜರ್ಮನಿಯ ಆನ್ಷುಟ್ಸ್ ತರಹದ, ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ರೈಫಲ್ ಬೇಕು, ಬ್ರನೋ ಕೂಡ ಸಾಲದು. ಅದನ್ನು ಕೊಳ್ಳುವವರೆಗೆ ಕ್ಲಬ್ಬಿನ ಮ್ಯಾಚ್ ರೈಫಲ್‌ನಲ್ಲಿ ಕೈ ಪಳಗಿಸಿಕೊಳ್ಳಿ.

ಇಷ್ಟು ಹೇಳಿದರೂ ಬ್ರನೋ ಮೇಲೆಯೇ ಮನಸ್ಸಿದ್ದರೆ, ಮಾರುವವರನ್ನು ರೇಂಜ್‌ಗೆ ಕರೆಸಿ ಅವರ ಕೈಯಲ್ಲೇ ಹತ್ತು ಗುಂಡು ಹೊಡೆಸಿ. ಒಪ್ಪದಿದ್ದರೆ ಒಂದು ಕಾಫಿ ಕುಡಿಸಿ ಕಳಿಸಿ.