ವಿಸ್ತೀರ್ಣ ಕನಿಷ್ಠವಾದಲ್ಲಿ ಖರ್ಚೂ ಕನಿಷ್ಠವಾಗುವುದಿಲ್ಲ

1 ಲೀಟರ್ ಹಿಡಿಸುವ ಮುಚ್ಚಿದ ಸಿಲಿಂಡರ್ ಡಬ್ಬಿಯಲ್ಲಿ ಪಕ್ಕದ ತಗಡಿಗೆ ಚದರ ಸೆಂಟಿಮೀಟರಿಗೆ 1 ಪೈಸೆ, ತಳಕ್ಕೂ ಮುಚ್ಚಳಕ್ಕೂ ಬಳಸುವ ದಪ್ಪ ತಗಡಿಗೆ 2 ಪೈಸೆ ಆಗುವಾಗ, ಒಟ್ಟು ಖರ್ಚು ಕನಿಷ್ಠವಾಗಲು ತ್ರಿಜ್ಯ ಎಷ್ಟಿರಬೇಕು ಎಂಬ ಲೆಕ್ಕಕ್ಕೆ ನಿಮಗೆ ಬಂದ ಉತ್ತರ 5.42 ಸೆಂ.ಮೀ. ಏಕೆ ತಪ್ಪು ಎಂದು ಕೇಳಿದ್ದೀರಿ. ನೀವು ಲೆಕ್ಕ ಮಾಡಿದ ಕ್ರಮ ಸರಿಯಾಗಿಯೇ ಇದೆ; ಆದರೆ ನೀವು ಅವಕಲನ ಮಾಡಿದ್ದು (ತ್ರಿಜ್ಯ ಬದಲಾದಂತೆ ಬದಲಾಗುವ ದರವನ್ನು ಕಂಡುಹಿಡಿದದ್ದು) ಮೇಲ್ಮೈ ವಿಸ್ತೀರ್ಣವನ್ನು, ಖರ್ಚನ್ನಲ್ಲ.

ತ್ರಿಜ್ಯವನ್ನು ‘ತ’ ಎಂದುಕೊಳ್ಳಿ. ಘನಫಲ 1000 ಘನ ಸೆಂ.ಮೀ. ಎಂದು ನಿಗದಿಯಾಗಿರುವುದರಿಂದ ಎತ್ತರ 1000/(ಪೈ × ತ²) ಆಗುತ್ತದೆ; ಇದನ್ನು ಎತ್ತರದ ಜಾಗದಲ್ಲಿ ಹಾಕಿದರೆ ಪಕ್ಕದ ಖರ್ಚು 2000/ತ ಪೈಸೆ, ಎರಡು ವೃತ್ತಗಳ ಖರ್ಚು 4 × ಪೈ × ತ² ಪೈಸೆ. ಇವುಗಳ ಮೊತ್ತದ ಅವಕಲನವಾದ 8 × ಪೈ × ತ − 2000/ತ² ಎಂಬುದನ್ನು ಸೊನ್ನೆಗೆ ಸಮೀಕರಿಸಿದಾಗ ತ³ = 250/ಪೈ, ಅಂದರೆ ತ್ರಿಜ್ಯ ಸುಮಾರು 4.30 ಸೆಂ.ಮೀ., ಎತ್ತರ 17.2 ಸೆಂ.ಮೀ. ಎರಡನೆಯ ಅವಕಲನ ಧನಾತ್ಮಕವಾಗಿರುವುದರಿಂದ ಇದು ಕನಿಷ್ಠವೇ. ಇಲ್ಲಿ ಖರ್ಚು ಸುಮಾರು 698 ಪೈಸೆ. ನಿಮ್ಮ ತ್ರಿಜ್ಯಕ್ಕೆ 738.

ಉತ್ತರವನ್ನು ತಾಳೆ ನೋಡಲು ನನಗೆ ಬಹಳ ಇಷ್ಟವಾದ ಒಂದು ದಾರಿ ಇದೆ: ದರಗಳು ಏನೇ ಇರಲಿ, ಮುಚ್ಚಿದ ಸಿಲಿಂಡರಿನ ಕನಿಷ್ಠ ಖರ್ಚಿನಲ್ಲಿ ಪಕ್ಕದ ಪಾಲು ಎರಡು ವೃತ್ತಗಳ ಪಾಲಿನ ಎರಡರಷ್ಟಿರುತ್ತದೆ. ಇಲ್ಲಿ ಅದು 465 ಮತ್ತು 232.5, ನಿಮ್ಮ ಉತ್ತರದಲ್ಲಿ ಎರಡೂ 369ರ ಆಸುಪಾಸು.

ನಿಜವಾಗಿ ತಗಡು ಕತ್ತರಿಸುವಾಗ ವೃತ್ತಗಳನ್ನು ಚೌಕಗಳಿಂದ ತೆಗೆದು ಮೂಲೆಗಳನ್ನು ಬಿಸಾಡುವುದಾದರೆ, ‘ಪೈ × ತ²’ ಬದಲು ‘4 × ತ²’ ಎಂದು ಹಾಕಿ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು; ಆಗ ತ³ = 62.5 ಆಗಿ, ಡಬ್ಬಿ ಇನ್ನಷ್ಟು ಸಪೂರವಾಗುತ್ತದೆ.